ದೂರು ಕೊಡಲಿಕ್ಕೊಂದು ವಿಳಾಸ

ಮೂಡುಬಿದಿರೆಯಲ್ಲಿ ಶ್ರೇಯಾಂಸ್ ನಡೆಸುತ್ತಿದ್ದ ಜಿಮ್ಮಿಗೆ ಸುರಕ್ಷಾ ಕೆಲಸಕ್ಕೆ ಸೇರಿದಾಗ ಅವಳಲ್ಲಿ ಯಾರೂ ಸರ್ಟಿಫಿಕೇಟ್ ಕೇಳಿರಲಿಲ್ಲ. ಅದೇ ಊರಿನ ಕಾಲೇಜಿನಲ್ಲಿ ಓದುವಾಗ ಗುಂಡು ಎಸೆತದಲ್ಲಿ ಹೆಸರು ಮಾಡಿದ ಹುಡುಗಿ, ಹೆಂಗಸರ ಹತ್ತಿರ ತಾಳ್ಮೆಯಿಂದ ಮಾತಾಡುತ್ತಾಳೆ, ಅಷ್ಟು ಸಾಕಾಗಿತ್ತು. ಬೆಳ್ತಂಗಡಿ ಪಕ್ಕದ ಲಾಯಿಲದ ಮನೆಯಿಂದ ನಸುಕಿಗೇ ಹೊರಟು, ವೇಣೂರಿನ ದಾರಿಯಾಗಿ ಬಸ್ಸಿನಲ್ಲಿ ಬಂದು ಬೆಳಗಿನ ಬ್ಯಾಚು ನೋಡಿಕೊಳ್ಳುತ್ತಿದ್ದಳು. ಮಧ್ಯಾಹ್ನ ಊಟಕ್ಕೆ ಮನೆ ಸೇರುತ್ತಿದ್ದಳು. ಸಂಜೆಯ ಬ್ಯಾಚು ತರುಣ್‌ನದು. ಅವನು ಅವಳಿಗಿಂತ ಚಿಕ್ಕವನು. ತೋಳು, ಎದೆ ನೋಡಿದರೆ ಯಾರಾದರೂ ಒಮ್ಮೆ ತಿರುಗಿ ನೋಡುವಂಥವನು. ಜಿಮ್ಮಿಗೆ ಹೊಸದಾಗಿ ಬಂದಾಗ, ಸ್ಕ್ವಾಟ್ ಎಂಬ ಕೂತೇಳುವ ವ್ಯಾಯಾಮ ಮಾಡಿಸುವಾಗ ಎದುರಿನವರ ಮಂಡಿಯನ್ನು ಎಲ್ಲಿಂದ ನೋಡಬೇಕು ಎಂದು ಅವನಿಗೆ ಕಲಿಸಿದವಳು ಸುರಕ್ಷಾ. ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದ.

ಒಂದು ದಿನ ಶ್ರೇಯಾಂಸ್ ಇಬ್ಬರನ್ನೂ ಕೂರಿಸಿಕೊಂಡು ಹೇಳಿದ. "ಬೆಳ್ತಂಗಡಿಯಲ್ಲಿ ಒಂದು ಬ್ರಾಂಚ್ ಮಾಡುವ ಅಂತ ಉಂಟು. ಅಲ್ಲಿಗೆ ಹೆಡ್ ಟ್ರೈನರ್ ಬೇಕು. ನಿಮ್ಮಿಬ್ಬರಲ್ಲೇ ಒಬ್ಬರು ಆಗಲಿ. ಆದರೆ ಈಗಿನ ಜನ ಬಾಗಿಲಲ್ಲೇ ಟ್ರೈನರಿಗೆ ಸರ್ಟಿಫಿಕೇಟ್ ಉಂಟಾ ಅಂತ ಕೇಳ್ತಾರೆ. ಒಂದೊಂದು ಮಾಡಿಕೊಳ್ಳಿ."

"ಯಾವುದು ಮಾಡುವುದು ಸರ್?" ಎಂದು ಸುರಕ್ಷಾ ಕೇಳಿದಳು.

"ಯಾವುದಾದರೂ ಆಗ್ತದೆ. ಫ್ರೇಮ್ ಹಾಕಿ ನೇತುಹಾಕುವ ಹಾಗೆ ಇರಬೇಕು, ಅಷ್ಟೇ."

ಅವನು ಅದನ್ನು ತಮಾಷೆಗೆ ಹೇಳಿದ್ದಲ್ಲ. ತಂದೆಯ ಕಾಲದ ದಿನಸಿ ವ್ಯಾಪಾರ ಬಿಟ್ಟು ಜಿಮ್ಮು ಹಾಕಿದವನು. ಯಾವ ಸಾಮಾನು ಅಂಗಡಿಯ ಮುಂದಿರಬೇಕು, ಯಾವುದು ಒಳಗೆ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಆ ಮಧ್ಯಾಹ್ನ ಬಸ್ ಸ್ಟ್ಯಾಂಡಿನ ಹತ್ತಿರದ ಹೋಟೆಲಿನಲ್ಲಿ ಇಬ್ಬರೂ ಗೋಳಿಬಜೆ ತರಿಸಿಕೊಂಡು ಮೊಬೈಲ್ ನೋಡುತ್ತ ಕೂತರು. ಟ್ರೈನರ್ ಆಗಬೇಕೆನ್ನುವವರಿಗಾಗಿ ಇಷ್ಟೊಂದು ಸಂಸ್ಥೆಗಳಿವೆ ಎಂದು ಸುರಕ್ಷಾಳಿಗೆ ತಿಳಿದಿರಲಿಲ್ಲ. ಕೆಲವು ವಾರಾಂತ್ಯದಲ್ಲೇ ಮುಗಿಯುವಂಥವು. ಕೆಲವು ಮನೆಯಲ್ಲಿ ಕೂತು ಉತ್ತರ ಒತ್ತಿದರೆ ಸಾಕು ಎನ್ನುವಂಥವು. ತರುಣ್ ತನ್ನ ಹೆಸರು, ನಂಬರು ಕೊಟ್ಟ ಒಂದು ಸಂಸ್ಥೆಯವರು, ಅವನಿನ್ನೂ ಟೀ ಕುಡಿದು ಮುಗಿಸುವ ಮೊದಲೇ ಅವನ ಹೆಸರು ಹಾಕಿದ ಸರ್ಟಿಫಿಕೇಟಿನ ಮಾದರಿಯನ್ನೇ ಕಳಿಸಿಬಿಟ್ಟರು. ಸುತ್ತ ಚಿನ್ನದ ಬಣ್ಣದ ಬಳ್ಳಿ, ಕೆಳಗೆ ಮೊಹರು.

"ಇದರಲ್ಲಿ ಮಾಸ್ಟರ್ ಟ್ರೈನರ್ ಅಂತ ಹಾಕ್ತಾರೆ ಅಕ್ಕ," ಎಂದ ತರುಣ್. "ಮಂಗಳೂರಲ್ಲಿ ಹೋಟೆಲಿನ ಹಾಲ್‌ನಲ್ಲಿ ಕ್ಲಾಸು. ಶನಿವಾರ ಹೋಗಿ ಭಾನುವಾರ ಬರುವುದು."

ಮುಂದಿನ ದಿನಗಳಲ್ಲಿ ಸುರಕ್ಷಾ ತಾನೇ ಒಂದೊಂದು ಕಡೆ ಫೋನ್ ಮಾಡಿದಳು. ಬಿಪಿ ಇದ್ದವರಿಗೆ, ಸಕ್ಕರೆ ಕಾಯಿಲೆಯವರಿಗೆ, ಹೆರಿಗೆ ಆದವರಿಗೆ ಏನು ಮಾಡಿಸಬೇಕು, ಏನು ಮಾಡಿಸಬಾರದು ಎಂಬ ಪಾಠ ಉಂಟಾ ಎಂದು ಕೇಳಿದಳು. ಕೊನೆಗೆ ಎಲ್ಲರಲ್ಲೂ ಒಂದೇ ಪ್ರಶ್ನೆ, ನಿಮ್ಮಲ್ಲಿ ಫೇಲ್ ಆಗುವವರು ಇದ್ದಾರಾ? ಹೆಚ್ಚಿನವರು ನಕ್ಕು, ಆ ಹೆದರಿಕೆಯೇ ಬೇಡ ಮೇಡಂ ಅಂದರು. ಮುಂಬೈಯ ಒಂದು ಸಂಸ್ಥೆಯವಳು ಮಾತ್ರ, ತುಂಬ ಜನ ಫೇಲ್ ಆಗ್ತಾರೆ, ಓದದಿದ್ದರೆ ನೀವೂ ಆಗ್ತೀರಿ ಎಂದಳು. ಸುರಕ್ಷಾ ಅಲ್ಲಿಗೇ ಸೇರಿದಳು.

ತರುಣ್‌ಗೆ ಅವಳು ಕಾರಣ ಹೇಳಿದಳು. ಕಾಲೇಜಿನಲ್ಲಿ ಅವಳ ಭುಜ ನೋಯಲು ಶುರುವಾದಾಗ ಕೋಚ್, ನೋವು ಇದ್ದೇ ಇರ್ತದೆ, ಎಸೆ ಅಂದಿದ್ದರು. ಅವರು ಕೆಟ್ಟವರಲ್ಲ, ಅವರಿಗೆ ಗೊತ್ತಿರಲಿಲ್ಲ. ಅವಳು ಎಸೆದಳು. ಆ ಭುಜ ಈಗಲೂ ತಲೆಯ ಮೇಲಕ್ಕೆ ಪೂರ್ತಿ ಏಳುವುದಿಲ್ಲ. "ಗೊತ್ತಿಲ್ಲದೆ ಇನ್ನೊಬ್ಬರ ಮೈ ಹಾಳು ಮಾಡಲಿಕ್ಕೆ ನನಗೆ ಹೆದರಿಕೆ ತರುಣ್. ನೀನೂ ಇದಕ್ಕೇ ಸೇರು. ಒಟ್ಟಿಗೆ ಓದುವ."

"ಸೇರುವ ಅಕ್ಕ," ಎಂದ ಅವನು. ಮುಂದಿನ ಶನಿವಾರ ಮಂಗಳೂರಿಗೆ ಹೋದ. ಸೋಮವಾರ ಕೊರಳಲ್ಲಿ ಪದಕ ಹಾಕಿಕೊಂಡ ಫೋಟೊ ಅವನ ಸ್ಟೇಟಸ್‌ನಲ್ಲಿತ್ತು.

ಸುರಕ್ಷಾಳ ಪುಸ್ತಕ ಇಟ್ಟಿಗೆಯಷ್ಟು ದಪ್ಪ, ಪೂರ್ತಿ ಇಂಗ್ಲಿಷ್. ಅವಳು ಹೈಸ್ಕೂಲಿನವರೆಗೆ ಕನ್ನಡ ಮಾಧ್ಯಮದವಳು. ಬಸ್ಸಿನಲ್ಲಿ ಕೂತು ಒಂದೊಂದು ಸ್ನಾಯುವಿನ ಹೆಸರನ್ನು ಬಾಯಿಪಾಠ ಮಾಡುತ್ತ, ಅದು ತನ್ನ ಮೈಯಲ್ಲಿ ಎಲ್ಲಿದೆ ಎಂದು ಬೆರಳಿನಿಂದ ಒತ್ತಿ ಹುಡುಕುತ್ತಿದ್ದಳು. ಪಕ್ಕದಲ್ಲಿ ಕೂತ ಹೆಂಗಸೊಬ್ಬಳು, ಬೆನ್ನು ತುರಿಸ್ತದಾ ಮಗಾ ಎಂದು ಕೇಳಿದ್ದೂ ಉಂಟು. ಮನೆಯಲ್ಲಿ ಅಮ್ಮ ಕಾಂತಿ ಬಟ್ಟೆ ಹೊಲಿಯುತ್ತಿದ್ದರು. ವರ್ಷಗಟ್ಟಲೆ ಮೆಷಿನಿನ ಮೇಲೆ ಬಗ್ಗಿ ಬಗ್ಗಿ ಅವರ ಕುತ್ತಿಗೆ, ಭುಜ ಕಟ್ಟಿಹೋಗಿದ್ದವು. ಸುರಕ್ಷಾ ಓದಿದ್ದನ್ನೆಲ್ಲ ಮೊದಲು ಅಮ್ಮನ ಮೇಲೆ ಮಾಡಿ ನೋಡಿದಳು. "ನಿನಗೆ ಎಂತ, ಡಾಕ್ಟರಾಗಲಿಕ್ಕೆ ಉಂಟಾ?" ಎಂದು ಗೊಣಗುತ್ತಿದ್ದ ಕಾಂತಿ, ಮಳೆಗಾಲ ಮುಗಿಯುವ ಹೊತ್ತಿಗೆ ತಮ್ಮ ತಲೆಯನ್ನು ತಾವೇ ಬಾಚಿಕೊಂಡು ಜಡೆ ಹಾಕಿಕೊಳ್ಳುವಷ್ಟಾದರು. ಆ ಬೆಳಿಗ್ಗೆ ಬಸ್ಸು ತಪ್ಪಿದರೂ ಪರವಾಗಿಲ್ಲ ಎಂದು ಸುರಕ್ಷಾ ಬಾಗಿಲಲ್ಲಿ ನಿಂತು ನೋಡಿದಳು.

ಮೊದಲ ಸಲ ಪರೀಕ್ಷೆಯಲ್ಲಿ ಅವಳು ಫೇಲಾದಳು. ಎರಡನೆಯ ಸಲ ಪಾಸಾದಳು. ಎದೆ ಒತ್ತಿ ಜೀವ ಉಳಿಸುವ ತರಬೇತಿಯನ್ನು ಬೇರೆಯೇ ಮಾಡಬೇಕಿತ್ತು. ರಬ್ಬರಿನ ಗೊಂಬೆಯ ಎದೆಯನ್ನು ಬೆವರಿಳಿಯುವವರೆಗೆ ಒತ್ತಿ ಅದನ್ನೂ ಮುಗಿಸಿದಳು. ಸರ್ಟಿಫಿಕೇಟ್ ಬಂದಾಗ ತೀರ ಸಾದಾ ಇತ್ತು, ಬಿಳಿ ಹಾಳೆ, ಕಪ್ಪು ಅಕ್ಷರ, ಒಂದು ನಂಬರು, ಕೆಳಗೆ ಸಂಸ್ಥೆಯ ವೆಬ್‌ಸೈಟು.

ಶ್ರೇಯಾಂಸ್ ಅದನ್ನು ತೆಗೆದುಕೊಂಡು ತಾನೇ ಫ್ರೇಮ್ ಹಾಕಿಸಿ ರಿಸೆಪ್ಷನ್ನಿನ ಗೋಡೆಗೆ ಏರಿಸಿದ. ಅಂತಾರಾಷ್ಟ್ರೀಯ ಮಾನ್ಯತೆಯ ಟ್ರೈನರ್ ಎಂದು ಹೊರಗೆ ಬೋರ್ಡು ಬಂತು. ಆದರೆ ಬೆಳ್ತಂಗಡಿಯ ಬ್ರಾಂಚಿಗೆ ಹೆಡ್ ಎಂದು ತರುಣ್‌ನ ಹೆಸರು ಹೇಳಿದ.

"ನನಗೆ ಅಲ್ಲಿ ಮನೆಯ ಹತ್ತಿರ ಆಗ್ತಿತ್ತು ಸರ್," ಎಂದಳು ಸುರಕ್ಷಾ. ಬೇರೆ ಏನು ಹೇಳಬೇಕೆಂದು ಆಗ ಹೊಳೆಯಲಿಲ್ಲ.

"ಬೇಜಾರು ಮಾಡಬೇಡ. ನಿನ್ನ ಸರ್ಟಿಫಿಕೇಟಿನಿಂದ ಜಿಮ್ಮಿಗೆ ಮರ್ಯಾದೆ, ಇಲ್ಲ ಅಂತ ಹೇಳುವುದಿಲ್ಲ. ಆದರೆ ನೀನು ಹೊಸ ಮೆಂಬರ್ ಬಂದರೆ ಮೊದಲು ಡಾಕ್ಟರ ಹತ್ತಿರ ಕಳಿಸ್ತೀ. ಹೋದವರು ಬರುವುದಿಲ್ಲ. ತರುಣ್ ಅವರನ್ನು ಮೆಷಿನಿನ ಮೇಲೆ ಕೂರಿಸ್ತಾನೆ."

ಅದು ಸುಳ್ಳಲ್ಲ. ಓದಿದ ಮೇಲೆ ಸುರಕ್ಷಾ ಹೊಸಬರನ್ನು ಕೇಳುವ ಪ್ರಶ್ನೆಗಳು ಹೆಚ್ಚಾಗಿದ್ದವು. ಎದೆನೋವು ಬಂದದ್ದುಂಟಾ, ಔಷಧಿ ಏನು, ಎಲ್ಲಿಯಾದರೂ ಮೂಳೆ ಮುರಿದದ್ದುಂಟಾ. ಕೆಲವರಿಗೆ ಅದು ಕಾಳಜಿಯಂತೆ ಕಾಣುತ್ತಿತ್ತು, ಹೆಚ್ಚಿನವರಿಗೆ ಅಪಶಕುನದಂತೆ.

ಕಾಳಜಿ ಎಂದುಕೊಂಡವರಲ್ಲಿ ಪುಷ್ಪಾವತಿ ಟೀಚರ್ ಒಬ್ಬರು. ನಾರಾವಿಯ ಶಾಲೆಯಲ್ಲಿ ಪಾಠ ಮಾಡಿ ನಿವೃತ್ತರಾದವರು, ಶ್ರೇಯಾಂಸ್‌ನ ಸೋದರತ್ತೆ. ಊರಿಗೆಲ್ಲ ಟೀಚರ್ ಆದದ್ದರಿಂದ ಸುರಕ್ಷಾಳಿಗೂ ಟೀಚರ್. ಮಂಡಿನೋವೆಂದು ಬಂದವರು, ಅವಳ ಕೈಯಲ್ಲಿ ಅದು ಕಡಿಮೆಯಾಗಿ ಬಸದಿಯ ಮೆಟ್ಟಿಲನ್ನು ಯಾರ ಕೈಯೂ ಹಿಡಿಯದೆ ಹತ್ತುತ್ತಿದ್ದರು. ಒಮ್ಮೆ ಮಾತಿನ ನಡುವೆ, ಅಂಗಳದಲ್ಲಿ ಸುಮ್ಮನೆ ಜಾರಿದ್ದಕ್ಕೆ ಮಣಿಕಟ್ಟು ಮುರಿದಿತ್ತು ಎಂದರು. ಸುರಕ್ಷಾ ಒತ್ತಾಯ ಮಾಡಿ ಮೂಳೆಯ ಪರೀಕ್ಷೆ ಮಾಡಿಸಿದಳು. ಮೂಳೆ ತೆಳ್ಳಗಾಗಿದೆ, ಬೆನ್ನಿನದು ಹೆಚ್ಚು ಎಂದು ಬಂತು.

"ಟೀಚರ್, ಇನ್ನು ಮುಂದೆ ಭಾರ ಹಿಡಿದು ಬಗ್ಗುವುದು ಬೇಡವೇ ಬೇಡ," ಎಂದು ಸುರಕ್ಷಾ ಎದುರು ಕೂತು ಹೇಳಿದಳು. "ಬೆನ್ನು ನೆಟ್ಟಗಿಟ್ಟು ಮಾಡುವಂಥದ್ದು ಮಾತ್ರ ಮಾಡುವ. ನಿಧಾನಕ್ಕೆ ಮೂಳೆ ಗಟ್ಟಿಯಾಗ್ತದೆ."

"ನೀನು ಹೇಳಿದ ಹಾಗೆ," ಎಂದರು ಪುಷ್ಪಾವತಿ. ತರಗತಿಯಲ್ಲಿ ಮಕ್ಕಳಿಂದ ಹೇಳಿಸುತ್ತಿದ್ದಂತೆ ಅವಳು ಹೇಳಿದ್ದನ್ನು ತಿರುಗಿ ಒಮ್ಮೆ ಹೇಳಿ ಕೂಡ ತೋರಿಸಿದರು. ಇಬ್ಬರೂ ನಕ್ಕರು. ಸುರಕ್ಷಾ ತರುಣ್‌ಗೂ ಹೇಳಿದಳು: ಟೀಚರ್ ಯಾವತ್ತಾದರೂ ಸಂಜೆ ಬಂದರೆ ಬಗ್ಗಿಸಬೇಡ, ಅವರ ಬೆನ್ನು ಹಾಗುಂಟು. ತರುಣ್ ಆಯ್ತಕ್ಕ ಅಂದ.

ಬೆಳ್ತಂಗಡಿ ಬ್ರಾಂಚಿನ ಉದ್ಘಾಟನೆಗೆ ಮೊದಲು, ಹೆಸರು ಮಾಡಲೆಂದು ತರುಣ್ ಮೂಡುಬಿದಿರೆಯಲ್ಲೇ ಸಂಜೆ ಹೊತ್ತು ಹೆಂಗಸರಿಗೆ ಸೊಂಟ ಕರಗಿಸುವ ಸ್ಪರ್ಧೆಯೊಂದನ್ನು ಶುರು ಮಾಡಿದ. ದೊಡ್ಡ ಹಾಡು, ಚಪ್ಪಾಳೆ, ಗೆದ್ದವರಿಗೆ ಮಿಕ್ಸಿ. ಪುಷ್ಪಾವತಿಯವರ ಗೆಳತಿಯರೆಲ್ಲ ಅಲ್ಲಿಗೆ ಹೋದರು. ಬೆಳಿಗ್ಗೆ ಸುರಕ್ಷಾಳ ಜೊತೆ ಗೋಡೆಗೆ ಕೈಯಿಟ್ಟು ನಿಧಾನಕ್ಕೆ ಏಳುವುದು, ಕೂರುವುದು ಪುಷ್ಪಾವತಿಯವರಿಗೂ ಬೇಸರ ಬಂದಿರಬೇಕು. ಸುರಕ್ಷಾಳಿಗೆ ಹೇಳದೆ ಅವರೂ ಸಂಜೆ ಹೋಗತೊಡಗಿದರು.

ಕೆಲವೇ ದಿನಗಳಲ್ಲಿ ಅದಾಯಿತು. ಎರಡೂ ಕೈಯಲ್ಲಿ ಕೆಟಲ್‌ಬೆಲ್ ಎಂಬ ಹಿಡಿಕೆಯ ಕಬ್ಬಿಣದ ಗುಂಡನ್ನು ಹಿಡಿದು, ಕಾಲ ನಡುವಿಂದ ಮೇಲಕ್ಕೆ ಬೀಸುವ ವ್ಯಾಯಾಮ. ಹಾಡಿನ ವೇಗಕ್ಕೆ ಎಲ್ಲರೂ ಬೀಸುತ್ತಿದ್ದರು. ಪುಷ್ಪಾವತಿ ಒಮ್ಮೆಲೆ ನಿಂತು, ಸದ್ದಿಲ್ಲದೆ ನೆಲಕ್ಕೆ ಕೂತರು. ಲಾಯಿಲದಲ್ಲಿದ್ದ ಸುರಕ್ಷಾಳಿಗೆ ಬ್ಯಾಚಿನ ಭವ್ಯಶ್ರೀ ಎಂಬವಳು ಫೋನ್ ಮಾಡಿದಳು. ಅವರನ್ನು ಎತ್ತಬೇಡಿ, ಇದ್ದ ಹಾಗೆ ಮಲಗಿಸಿ, ಆ್ಯಂಬುಲೆನ್ಸ್ ಬರಲಿ ಎಂದು ಸುರಕ್ಷಾ ಹೇಳುತ್ತಿದ್ದಳು. ಅಷ್ಟರಲ್ಲಿ ತರುಣ್, ಇನ್ನೊಬ್ಬ ಸೇರಿ ಕಂಕುಳಿಗೆ ಕೈಕೊಟ್ಟು ಎತ್ತಿ ಆಟೊದಲ್ಲಿ ಕೂರಿಸಿ ಆಗಿತ್ತು. ಮೂಡುಬಿದಿರೆಯ ರಸ್ತೆಯ ಹೊಂಡಗಳ ಮೇಲೆ ಆಟೊ ಹೋಯಿತು. ಮಂಗಳೂರಿನ ಆಸ್ಪತ್ರೆಯಲ್ಲಿ ಬೆನ್ನಿನ ಒಂದು ಮೂಳೆ ಕುಸಿದಿದೆ ಎಂದರು.

ಮರುದಿನ ಶ್ರೇಯಾಂಸ್ ಸುರಕ್ಷಾಳನ್ನು ಒಳಗೆ ಕರೆದ. ರಾತ್ರಿ ನಿದ್ದೆ ಮಾಡಿದವನಂತೆ ಕಾಣಲಿಲ್ಲ. ಬೆಳ್ತಂಗಡಿಯಲ್ಲಿ ತರುಣ್‌ನ ಫೋಟೊ ಇರುವ ಫ್ಲೆಕ್ಸುಗಳನ್ನು ಆಗಲೇ ಕಟ್ಟಿ ಆಗಿತ್ತು.

"ಮಾವ ಬಂದಿದ್ದರು," ಎಂದ. ಪುಷ್ಪಾವತಿಯವರ ಗಂಡ ಆದಿರಾಜರ ಬಗ್ಗೆ ಅವನು ಹೇಳುತ್ತಿದ್ದುದು. "ಯಾರು ಇದನ್ನು ಮಾಡಿಸಲಿಕ್ಕೆ ಹೇಳಿದ್ದು ಅಂತ ಕೇಳಿದರು. ನಮ್ಮಲ್ಲಿ ಎಲ್ಲ ಕಾರ್ಯಕ್ರಮ ಸರ್ಟಿಫೈಡ್ ಟ್ರೈನರೇ ಮಾಡಿ ಕೊಡುವುದು ಅಂತ ಹೇಳಿದೆ."

"ಅಂದರೆ ನಾನು ಅಂತ ಹೇಳಿದಿರಾ?"

"ನಿನ್ನ ಮೇಲೆ ಅವರಿಗೆಲ್ಲ ಗೌರವ ಉಂಟು. ನೀನು ಒಂದು ಮಾತು, ಅಂದಾಜು ತಪ್ಪಿತು ಅಂತ ಹೇಳಿದರೆ ಮನೆಯೊಳಗೇ ಮುಗಿದುಹೋಗ್ತದೆ. ತರುಣ್ ಹೆಸರು ಬಂದರೆ ಆ ಬ್ರಾಂಚ್ ಮುಗಿಯಿತು."

"ನಾನು ಅವರಿಗೆ ಬಗ್ಗಲೇಬಾರದು ಅಂತ ಹೇಳಿದ್ದೆ ಸರ್. ತರುಣ್‌ಗೂ ಹೇಳಿದ್ದೆ."

"ನನಗೆ ಗೊತ್ತುಂಟು. ನಾನು ಹೇಳುವುದು ಬೇರೆ."

ಅವನು ನಿಜವಾಗಿಯೂ ಸಹಾಯ ಕೇಳುವ ದನಿಯಲ್ಲೇ ಮಾತಾಡುತ್ತಿದ್ದ. ಸುರಕ್ಷಾ ಆಗುವುದಿಲ್ಲ ಎಂದಳು. ಎರಡನೆಯ ಸಲವೂ ಆಗುವುದಿಲ್ಲ ಎಂದಳು. ಹಾಗಾದರೆ ಸ್ವಲ್ಪ ದಿನ ಮನೆಯಲ್ಲಿರು, ಆಮೇಲೆ ನೋಡುವ ಎಂದ ಶ್ರೇಯಾಂಸ್. ಆ ಆಮೇಲೆ ಬರುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಹೊರಗೆ ಬರುವಾಗ ರಿಸೆಪ್ಷನ್ನಿನಲ್ಲಿ ತನ್ನ ಸರ್ಟಿಫಿಕೇಟು ಕೊಡಿ ಎಂದು ಕೇಳಿದಳು. ಕುರ್ಚಿ ಹತ್ತಿ ಇಳಿಸಬೇಕು, ನಾಳೆ ಬನ್ನಿ ಎಂದರು.

ಮುಂಬೈಯ ಸಂಸ್ಥೆಯಿಂದ ಪತ್ರ ಬಂದದ್ದು ಅದಾಗಿ ಕೆಲವು ವಾರಗಳ ಮೇಲೆ. ತಮ್ಮ ಮಾನ್ಯತೆ ಪಡೆದ ಟ್ರೈನರ್ ಒಬ್ಬರ ನಿರ್ಲಕ್ಷ್ಯದಿಂದ ಹಿರಿಯ ಮಹಿಳೆಗೆ ಬೆನ್ನಿನ ಮೂಳೆ ಮುರಿದಿದೆ ಎಂಬ ದೂರು ಬಂದಿದೆ, ವಿಚಾರಣೆ ಮುಗಿಯುವವರೆಗೆ ಮಾನ್ಯತೆಯನ್ನು ತಡೆಹಿಡಿಯಲಾಗಿದೆ, ನಿಮ್ಮ ಹೇಳಿಕೆ ಕಳಿಸಿ. ದೂರು ಕೊಟ್ಟವರು ಆದಿರಾಜ.

ಸುರಕ್ಷಾ ನೇರ ಅವರ ಮನೆಗೆ ಹೋದಳು. ಆದಿರಾಜ ಜಗಲಿಯಲ್ಲೇ ಇದ್ದರು. ಸಿಟ್ಟಿನ ಮನುಷ್ಯರಲ್ಲ, ಬಸದಿಯ ಆಡಳಿತ ನೋಡಿಕೊಂಡವರು, ಎಲ್ಲವನ್ನೂ ಕ್ರಮಪ್ರಕಾರ ಮಾಡುವವರು. ಅವಳನ್ನು ಕೂರಿಸಿ, ಬಾಯಾರಿಕೆಗೆ ನೀರು ಬೆಲ್ಲ ತರಿಸಿದರು.

"ಯಾರಾದರೊಬ್ಬರು ಉತ್ತರ ಹೇಳಬೇಕಲ್ಲ ಅಮ್ಮ," ಎಂದರು. "ಆ ಸಂಜೆ ನೀನು ಅಲ್ಲಿ ಇರಲಿಲ್ಲ, ಗೊತ್ತುಂಟು. ಮಾಡಿಸಲಿಕ್ಕೆ ಬರೆದುಕೊಟ್ಟದ್ದು ನೀನು ಅಂತ ಶ್ರೇಯಾಂಸ್ ಹೇಳ್ತಾನೆ."

"ತರುಣ್ ಮೇಲೆ ದೂರು ಯಾಕೆ ಕೊಡಲಿಲ್ಲ?"

"ಅದಕ್ಕೂ ನೋಡಿದೆ. ಅವನ ಸರ್ಟಿಫಿಕೇಟಿನಲ್ಲಿ ಇದ್ದ ನಂಬರಿಗೆ ಫೋನ್ ಮಾಡಿದರೆ ಯಾರೋ ಹೊಸ ಬ್ಯಾಚಿಗೆ ಸೇರ್ತೀರಾ ಅಂತ ಕೇಳಿದರು. ದೂರು ಅಂದಕೂಡಲೇ ಇಟ್ಟುಬಿಟ್ಟರು. ನಿನ್ನ ಸಂಸ್ಥೆಯದ್ದು ವ್ಯವಸ್ಥಿತವಾಗಿ ಉಂಟು. ದೂರು ಕೊಡಲಿಕ್ಕೇ ಬೇರೆ ವಿಳಾಸ, ಎಲ್ಲ ವಿವರ. ಉತ್ತರವೂ ಬೇಗ ಬಂತು." ಅವರ ಮಾತಿನಲ್ಲಿ ಆ ಸಂಸ್ಥೆಯ ಬಗ್ಗೆ ಮೆಚ್ಚುಗೆಯೇ ಇತ್ತು.

ಸುರಕ್ಷಾ ಲೋಟ ಕೆಳಗಿಟ್ಟಳು. ಫೋನಿನಲ್ಲಿ ಒಂದೊಂದೇ ಸಂಸ್ಥೆಯನ್ನು ಕೇಳಿ ಕೇಳಿ ಅವಳು ಆರಿಸಿಕೊಂಡದ್ದು ಇದನ್ನೇ. ಟ್ರೈನರುಗಳನ್ನು ಪ್ರಶ್ನೆ ಮಾಡುವ ಸಂಸ್ಥೆ. ಈಗ ಈ ಸುತ್ತಿನ ಊರುಗಳಲ್ಲಿ ಪ್ರಶ್ನೆಗೆ ಸಿಕ್ಕುವ ಟ್ರೈನರ್ ಅವಳೊಬ್ಬಳೇ.

"ಟೀಚರನ್ನು ಕೇಳಿ," ಎಂದಳು. "ನಾನು ಅವರಿಗೆ ಏನು ಹೇಳಿದ್ದೆ ಅಂತ ಅವರಿಗೆ ಗೊತ್ತುಂಟು."

ಒಳಗೆ ಪುಷ್ಪಾವತಿ ಸೊಂಟಕ್ಕೆ ಗಟ್ಟಿ ಪಟ್ಟಿ ಕಟ್ಟಿಕೊಂಡು ಮಲಗಿದ್ದರು. ಮುಖ ಸಣ್ಣಗಾಗಿತ್ತು. ಸುರಕ್ಷಾ ಮಂಚದ ಪಕ್ಕ ನಿಂತಳು. ಹೇಗಿದ್ದೀರಿ ಎಂದು ಕೇಳುವುದು ಅವಳಿಗೆ ಆಗಲಿಲ್ಲ. ಹೇಗಿದ್ದಾರೆಂದು ನೋಡಿದರೇ ಗೊತ್ತಾಗುತ್ತಿತ್ತು.

"ಟೀಚರ್, ಭಾರ ಹಿಡಿದು ಬಗ್ಗಬಾರದು ಅಂತ ನಾನು ಹೇಳಿದ್ದೆ ಅಲ್ವಾ. ನೀವು ತಿರುಗಿ ಹೇಳಿ ತೋರಿಸಿದ್ದಿರಿ."

ಪುಷ್ಪಾವತಿ ಗೋಡೆಯ ಕಡೆ ನೋಡಿದರು. ನಾರಾವಿಯ ಶಾಲೆಯಲ್ಲಿ ಓದಿ ಹೋದ ಮಕ್ಕಳು ಈಗ ಅಪ್ಪಂದಿರಾಗಿ ಎದುರಾದರೂ ಅವರ ಹೆಸರು, ಅವರ ತಂದೆಯ ಹೆಸರು, ಕೂರುತ್ತಿದ್ದ ಬೆಂಚು ಹೇಳುವವರು ಅವರು.

"ನನಗೆ ಸರಿ ನೆನಪಿಲ್ಲ ಸುರಕ್ಷಾ," ಎಂದು ಕಣ್ಣು ಮುಚ್ಚಿಕೊಂಡರು.

ಬಾಗಿಲಲ್ಲಿ ನಿಂತು ಆದಿರಾಜ ಅದನ್ನು ಕೇಳಿಸಿಕೊಂಡರು. ಸುರಕ್ಷಾ ಇನ್ನೊಂದು ಸಲ ಕೇಳಲಿಲ್ಲ. ಟೀಚರ ಮುಚ್ಚಿದ ರೆಪ್ಪೆಯ ಅಡಿಯಿಂದ ನೀರು ಕಿವಿಯ ಕಡೆ ಇಳಿಯುವುದನ್ನು ಅವಳು ನೋಡಿದಳು. ಅದನ್ನು ಒರೆಸುವ ಮನಸ್ಸಾಗಲಿಲ್ಲ.

ಉಳಿದದ್ದು ತರುಣ್. ಬೆಳ್ತಂಗಡಿಯ ಬ್ರಾಂಚು ತೆರೆದಿತ್ತು, ಹೊಸ ಪೇಂಟಿನ ವಾಸನೆ ಇನ್ನೂ ಹೋಗಿರಲಿಲ್ಲ. ಅವಳು ಹೋದಾಗ ತರುಣ್ ಒಬ್ಬ ಹೊಸಬನಿಗೆ ಸ್ಕ್ವಾಟ್ ಮಾಡಿಸುತ್ತಿದ್ದ. ಪಕ್ಕಕ್ಕೆ ನಿಂತು ಮಂಡಿಯನ್ನು ನೋಡುತ್ತಿದ್ದ. ಅವಳು ಕಲಿಸಿದ ಹಾಗೇ, ಸರಿಯಾಗಿ. ಅವಳನ್ನು ಕಂಡು ಓಡಿಬಂದು ಕುರ್ಚಿ ಕೊಟ್ಟ.

"ನೀನು ಒಂದು ಹೇಳಿಕೆ ಕೊಟ್ಟರೆ ಸಾಕು ತರುಣ್. ನಾನು ಮೊದಲೇ ಹೇಳಿದ್ದೆ ಅಂತ. ನಿನ್ನ ಸಂಸ್ಥೆಯವರು ನಿನ್ನನ್ನು ಏನೂ ಮಾಡುವುದಿಲ್ಲ."

"ಸಂಸ್ಥೆ ಮಾಡುವುದಿಲ್ಲ ಅಕ್ಕ. ಅದನ್ನು ಹಿಡಿದುಕೊಂಡು ಯಾರಾದರೂ ಪೊಲೀಸಿಗೆ ಹೋದರೆ? ದುಬೈಯಲ್ಲಿ ಒಂದು ಜಿಮ್ಮಿಗೆ ಮಾತುಕತೆ ಆಗ್ತಾ ಉಂಟು. ಕೇಸು ಬಿದ್ದರೆ ಪಾಸ್‌ಪೋರ್ಟಿಗೇ ಕಷ್ಟ."

"ಆ ದಿನ ನಿನಗೆ ನೆನಪಿತ್ತಾ, ನಾನು ಹೇಳಿದ್ದು?"

"ಟೀಚರ್ ಬಂದದ್ದು ಕಂಡಾಗ ನೆನಪಾಯ್ತು. ಹಾಡು ಶುರುವಾಗಿ ಆಗಿತ್ತು. ಅಷ್ಟು ಜನರ ಎದುರು ಒಬ್ಬರನ್ನು ಹೊರಗೆ ನಿಲ್ಲಿಸಿದರೆ ಅವರಿಗೆ ಅವಮಾನ ಅಂತ ಕಂಡಿತು." ಆಮೇಲೆ ದನಿ ತಗ್ಗಿಸಿ ಹೇಳಿದ, "ಶ್ರೇಯಾಂಸ್ ಸರ್ ಹತ್ತಿರ ಮಾತಾಡ್ತೇನೆ ಅಕ್ಕ. ಇಲ್ಲಿ ನಿಮಗೆ ಲೇಡೀಸ್ ಬ್ಯಾಚು ಕೊಡಿಸುವ. ಮನೆಗೂ ಹತ್ತಿರ."

ಸುರಕ್ಷಾ ಎದ್ದು ಹೊರಟಳು. ಲಾಯಿಲದವರೆಗೆ ನಡೆದೇ ಹೋದಳು. ದಾರಿಯುದ್ದಕ್ಕೂ ಬೈಗುಳಗಳು ನಾಲಗೆಯ ತುದಿಗೆ ಬರುತ್ತಿದ್ದವು. ಅವನೆದುರು ಒಂದೂ ಬಂದಿರಲಿಲ್ಲ.

ಸಂಸ್ಥೆಯ ವಿಚಾರಣೆ ಮೊಬೈಲಿನ ಪರದೆಯ ಮೇಲೆ ನಡೆಯಿತು. ಆ ಕಡೆ ಮೂವರು, ಈ ಕಡೆ ಸುರಕ್ಷಾ. ಹಿಂದೆ ಅಮ್ಮನ ಹೊಲಿಗೆ ಮೆಷಿನ್ ಕಾಣಬಾರದೆಂದು ಸೀರೆ ಕಟ್ಟಿದ್ದಳು. ಅವರು ಒರಟಾಗಿ ಮಾತಾಡಲಿಲ್ಲ. ಅವಳ ಇಂಗ್ಲಿಷ್ ತಡವರಿಸಿದಾಗ ಕಾದರು. ಕೊನೆಗೆ ಒಬ್ಬ ಹೆಂಗಸು ಕೇಳಿದಳು: ಈ ಸದಸ್ಯೆಗೆ ಮೂಳೆಯ ತೊಂದರೆ ಇದೆ ಎಂದು ಇನ್ನೊಬ್ಬ ಟ್ರೈನರಿಗೆ ಬರವಣಿಗೆಯಲ್ಲಿ ತಿಳಿಸಿದ್ದೀರಾ? ಇಲ್ಲ, ಬಾಯಲ್ಲಿ ಹೇಳಿದ್ದೆ ಎಂದಳು ಸುರಕ್ಷಾ. ಪುಸ್ತಕದಲ್ಲಿ ಏನು ಬರೆದಿದೆ ಎಂದು ಆ ಹೆಂಗಸು ಕೇಳಿದಳು. ಸುರಕ್ಷಾಳಿಗೆ ಅದು ಯಾವ ಪಾಠದಲ್ಲಿದೆ ಎಂಬುದೂ ನೆನಪಿತ್ತು. ಬರವಣಿಗೆಯಲ್ಲಿ ಎಂದೇ ಇತ್ತು. ಹಾಗೆಂದು ಒಪ್ಪಿಕೊಂಡಳು.

ನಿರ್ಲಕ್ಷ್ಯ ಸಾಬೀತಾಗಿಲ್ಲ, ಆದರೆ ಕರ್ತವ್ಯದಲ್ಲಿ ಲೋಪವಾಗಿದೆ, ಎಚ್ಚರಿಕೆ ನೀಡಲಾಗಿದೆ ಎಂದು ತೀರ್ಮಾನ ಬಂತು. ಮಾನ್ಯತೆ ತಿರುಗಿ ಸಿಕ್ಕಿತು. ಆದರೆ ಸಂಸ್ಥೆಯ ವೆಬ್‌ಸೈಟಿನಲ್ಲಿ ಅವಳ ಹೆಸರಿನ ಕೆಳಗೆ ಆ ಎಚ್ಚರಿಕೆಯೂ ಸೇರಿಕೊಂಡಿತು. ಮಂಗಳೂರಿನ ಎರಡು ಜಿಮ್ಮುಗಳಿಗೆ ಕೆಲಸ ಕೇಳಿಕೊಂಡು ಹೋದಳು. ಒಂದು ಕಡೆ ಹುಡುಕಿ ನೋಡಿ ಬೇಡ ಎಂದರು. ಇನ್ನೊಂದು ಕಡೆ, ಅದೆಲ್ಲ ನೋಡುವುದಿಲ್ಲ, ಆದರೆ ಮಾಸ್ಟರ್ ಟ್ರೈನರ್ ಅಂತ ಏನಾದರೂ ಉಂಟಾ ಎಂದು ಕೇಳಿದರು. ತರುಣ್ ಅಷ್ಟರಲ್ಲಿ ದುಬೈ ಸೇರಿದ್ದ. ಸಮುದ್ರದ ಎದುರು ತೋಳು ಕಟ್ಟಿ ನಿಂತ ಅವನ ಫೋಟೊಗೆ ಕಾಂತಿ ಕೂಡ, ಅವನು ಮಾಡಿದ್ದು ಗೊತ್ತಿಲ್ಲದೆ, ಮೊಬೈಲಿನಲ್ಲಿ ಒಂದು ಹೂವಿನ ಚಿತ್ರ ಒತ್ತಿ ಕಳಿಸಿದ್ದರು.

"ಅವನು ಒಳ್ಳೆಯ ಹುಡುಗ ಅಲ್ವಾ," ಎಂದರು, ಮಗಳ ಮುಖ ನೋಡಿ ಗಾಬರಿಯಾಗಿ.

"ಹೌದಮ್ಮ," ಎಂದಳು ಸುರಕ್ಷಾ.

ಬಂಟ್ವಾಳದ ಬಿ.ಸಿ.ರೋಡಿನಲ್ಲಿ ಕಾಲೇಜಿನ ಗೆಳತಿ ಆಫ್ರಾಳ ಬಟ್ಟೆ ಅಂಗಡಿಯಿತ್ತು. ಅದರ ಮಹಡಿಯ ಹಾಲ್ ಖಾಲಿ ಇತ್ತು. "ಸುಮ್ಮನೆ ಬಿದ್ದಿದೆ, ಹೆಂಗಸರಿಗೆ ಏನಾದರೂ ಹೇಳಿಕೊಡು," ಎಂದಳು ಆಫ್ರಾ. ಸುರಕ್ಷಾ ಅಲ್ಲಿ ಶುರು ಮಾಡಿದಳು. ಮೆಷಿನುಗಳಿಲ್ಲ, ಹಾಡಿಲ್ಲ, ನಾಲ್ಕು ಚಾಪೆ, ಕೆಲವು ಡಂಬೆಲ್. ಬಂದ ಹೆಂಗಸರು ಅವಳನ್ನು ಟೀಚರ್ ಎಂದು ಕರೆದರು. ಯಾರೂ ಅವಳಲ್ಲಿ ಸರ್ಟಿಫಿಕೇಟು ಕೇಳಲಿಲ್ಲ. ಮುಂದಿನ ವರ್ಷ ಅದನ್ನು ನವೀಕರಿಸಬೇಕೆಂಬ ನೆನಪೋಲೆ ಬಂದಾಗ ಅವಳು ಅದನ್ನು ಓದಿ ಸುಮ್ಮನಾದಳು. ಅವಧಿ ತೀರಿತು.

ಅದಾದ ಮೇಲಿನ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಂಗಡಿಯ ಮುಂದೆ ಕಾರು ನಿಂತಿತು. ಆಫ್ರಾ ಮೇಲೆ ಬಂದು, ಯಾರೋ ಹಿರಿಯರು, ಮೆಟ್ಟಿಲು ಹತ್ತಲಿಕ್ಕೆ ಆಗುವುದಿಲ್ಲವಂತೆ, ನೀನೇ ಬಾ ಎಂದಳು. ಹೆಂಗಸರಿಗೆ ಕಾಲೆತ್ತಿ ಇಳಿಸುತ್ತಿರಿ ಎಂದು ಹೇಳಿ ಸುರಕ್ಷಾ ಕೆಳಗಿಳಿದಳು.

ಕಾರಿನ ಹಿಂದಿನ ಸೀಟಿನಲ್ಲಿ ಪುಷ್ಪಾವತಿ ಕೂತಿದ್ದರು. ಬೆನ್ನು ಮುಂದಕ್ಕೆ ಬಾಗಿಹೋಗಿತ್ತು. ಮುಖ ಎತ್ತಿ ನೋಡಲು ಕುತ್ತಿಗೆಯನ್ನು ಹಿಂದಕ್ಕೆ ಎಳೆಯಬೇಕಾಗುತ್ತಿತ್ತು.

"ನೀನು ಇಲ್ಲಿದ್ದೀ ಅಂತ ಭವ್ಯಶ್ರೀ ಹೇಳಿದಳು," ಎಂದರು. "ಬೇರೆಯವರ ಕೈಯಲ್ಲಿ ನನಗೆ ಹೆದರಿಕೆ ಆಗ್ತದೆ ಸುರಕ್ಷಾ. ನಿನ್ನ ಹತ್ತಿರವೇ ಮಾಡ್ತೇನೆ ಅಂತ ಇವರ ಹತ್ತಿರ ಹಟ ಹಿಡಿದು ಬಂದದ್ದು."

ಸುರಕ್ಷಾ ಕಾರಿನ ಬಾಗಿಲ ಹತ್ತಿರ ನಿಂತಿದ್ದಳು.

"ಶ್ರೇಯಾಂಸ್ ನನ್ನ ಅಣ್ಣನ ಮಗ," ಎಂದರು ಪುಷ್ಪಾವತಿ ಸ್ವಲ್ಪ ಹೊತ್ತಿನ ಮೇಲೆ. "ನಾನು ಬಾಯಿ ಬಿಟ್ಟಿದ್ದರೆ ತವರಿಗೆ ಹೋಗುವ ಹಾಗಿರಲಿಲ್ಲ. ನಿನಗೆ ಓದು ಉಂಟು, ಹೇಗಾದರೂ ಬದುಕಿಕೊಳ್ತೀ ಅಂತ ಎಣಿಸಿದೆ."

"ನನ್ನಿಂದ ಆಗುವುದಿಲ್ಲ ಟೀಚರ್."

"ಪೂರ್ತಿ ಬೇಡ. ಮಲಗಿದಲ್ಲಿಂದ ಏಳುವುದು ಹೇಗೆ ಅಂತಲಾದರೂ ಹೇಳು. ಬೆಳಿಗ್ಗೆ ಏಳುವಾಗ ಜೀವ ಹೋದ ಹಾಗೆ ಆಗ್ತದೆ."

ಅದು ಅವಳಿಗೆ ಗೊತ್ತಿತ್ತು. ಮೊದಲು ಇಡೀ ಮೈಯನ್ನು ಒಂದೇ ಸಲ ಮಗ್ಗುಲಿಗೆ ಹೊರಳಿಸಬೇಕು, ಕಾಲುಗಳನ್ನು ಮಂಚದಿಂದ ಕೆಳಗೆ ಬಿಡಬೇಕು, ಮೊಣಕೈ ಊರಿ ಏಳಬೇಕು. ಹೇಳಲು ಅರೆ ನಿಮಿಷ ಸಾಕಿತ್ತು. ಬಾಯಿ ತೆರೆದರೆ ಬರುತ್ತಿತ್ತು.

"ಆಸ್ಪತ್ರೆಯಲ್ಲಿ ಕೇಳಿ," ಎಂದಳು.

ಮುಂದಿನ ಸೀಟಿನಿಂದ ಆದಿರಾಜ ಏನೋ ಹೇಳಲು ತಿರುಗಿದರು, ಮತ್ತೆ ಮುಂದೆ ನೋಡಿದರು. ಪುಷ್ಪಾವತಿ ತಲೆ ಆಡಿಸಿದರು, ಪಾಠ ಅರ್ಥವಾಯಿತು ಎನ್ನುವ ಹಾಗೆ. ಕಾರು ನಿಧಾನವಾಗಿ ಹಿಂದೆ ಸರಿದು ಹೆದ್ದಾರಿಗೆ ಏರಿತು. ರಸ್ತೆಯ ಉಬ್ಬು ಬಂದಲ್ಲಿ ಎಷ್ಟು ಮೆಲ್ಲಗೆ ದಾಟಿಸಿದರೂ ಹಿಂದಿನ ಸೀಟಿನ ತಲೆಯೊಂದು ಕುಲುಕಿದ್ದು ಸುರಕ್ಷಾಳಿಗೆ ಕಂಡಿತು. ಆ ಕುಲುಕು ಬೆನ್ನಿನ ಯಾವ ಜಾಗಕ್ಕೆ ಹೋಗಿ ಮುಟ್ಟುತ್ತದೆ ಎಂದು ಅವಳಿಗೆ ಗೊತ್ತಿತ್ತು.

ಇಲ್ಲ ಎಂದು ಹೇಳುವುದು ತುಂಬ ಕಷ್ಟವಾಗಬಹುದೆಂದು ಅವಳು ಎಷ್ಟೋ ಸಲ ಎಣಿಸಿದ್ದಳು, ಇಂಥದೊಂದು ದಿನ ಬಂದರೆ. ಏನೂ ಕಷ್ಟವಾಗಿರಲಿಲ್ಲ. ಮೆಟ್ಟಿಲು ಹತ್ತುವಾಗ ಅವಳಿಗೆ ಹೆದರಿಕೆಯಾದದ್ದು ಅದಕ್ಕೇ.

ಮೇಲೆ ಹೆಂಗಸರು ಕಾಲೆತ್ತುವುದನ್ನು ಯಾವಾಗಲೋ ನಿಲ್ಲಿಸಿ, ಕಿಟಕಿಯ ಹತ್ತಿರ ನಿಂತು ಮಾತಾಡುತ್ತಿದ್ದರು. "ಯಾರು ಟೀಚರ್ ಅವರು, ನಿಮ್ಮ ಸಂಬಂಧಿಕರಾ?" ಎಂದು ಒಬ್ಬಳು ಕೇಳಿದಳು.

"ಅಲ್ಲ," ಎಂದಳು ಸುರಕ್ಷಾ. "ಚಾಪೆಗೆ ಬನ್ನಿ. ಮೊದಲಿನಿಂದ ಮಾಡುವ."